ಕೊಳವೆಯ ಆ ತುದಿಯಲ್ಲಿರುವ ಅಣ್ಣನಿಗೆ

ಎನ್.ಆರ್. ಕಾಲೋನಿ, ಬೆಂಗಳೂರು
ಆಗಸ್ಟ್ 1981

ಶೀನಣ್ಣ,

ದೊಡ್ಡವರಿಗೆ ಬರೆಯುವ ಕಾಗದದ ತಲೆಯಲ್ಲಿ ಏನೇನು ಬರೆಯಬೇಕು ಎಂದು ನನಗೆ ಕಲಿಸಿದವನು ನೀನೇ. ತೀರ್ಥರೂಪ ಸಮಾನ, ಸಾಷ್ಟಾಂಗ ನಮಸ್ಕಾರ, ಇತ್ತ ಕ್ಷೇಮ. ಅದನ್ನೆಲ್ಲ ಬರೆಯಲು ಹೋಗಿ ಪೆನ್ನು ನಿಂತಿತು. ಯಾರ ಚಿತೆಗೆ ನಾನೇ ಬೆಂಕಿ ಇಟ್ಟೆನೋ ಅವನಿಗೆ ಆ ಮಾತುಗಳನ್ನು ಬರೆಯುವುದು ಹೇಗೆ? ಬದುಕಿರುವ ಅಣ್ಣನಿಗೆ ಬರೆಯದೆ ಬಿಡುವುದು ಹೇಗೆ? ಅದಕ್ಕೇ ಬರಿಯ ಹೆಸರು ಬರೆದಿದ್ದೇನೆ. ಹೆಸರಾದರೂ ಇನ್ನೂ ನಿನ್ನದೇ ಇದೆ ಅಂದುಕೊಂಡಿದ್ದೇನೆ.

ಇದು ನಾನು ನಿನಗೆ ಹಾಕುತ್ತಿರುವ ಐದನೆಯ ಕಾಗದ. ರಾಯಗಡದ ಪೋಸ್ಟ್ ಮಾಸ್ಟರ ವಶಕ್ಕೆ, ಬೆಂಗಳೂರಿನ ಶ್ರೀನಿವಾಸ ಎನ್ನುವವರು ಬಂದು ಕೇಳಿದರೆ ಕೊಡುವುದು, ಎಂದು ವಿಳಾಸ ಬರೆಯಲು ಹೇಳಿಕೊಟ್ಟವನು ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಮುನಿರಾಮಪ್ಪ. ಹದಿನೈದು ದಿನ ಇಟ್ಟುಕೊಂಡಿದ್ದು, ಯಾರೂ ಬರದಿದ್ದರೆ ವಾಪಸ್ ಕಳಿಸುತ್ತಾರಂತೆ. ಮೊದಲ ಮೂರು ಹಾಗೇ ಮುದ್ರೆ ಒತ್ತಿಸಿಕೊಂಡು ವಾಪಸ್ ಬಂದವು. ನಾಲ್ಕನೆಯದನ್ನು ಮೇ ತಿಂಗಳಲ್ಲಿ ಹಾಕಿದೆ. ಅದು ಬಂದಿಲ್ಲ. ಮುನಿರಾಮಪ್ಪ ದಿನವೂ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ, "ಬಂದಿಲ್ಲ ಸ್ವಾಮಿ. ಬರ್ದೇ ಇರೋದೇ ಒಳ್ಳೇದು" ಎಂದು ಹೇಳಿ ಹೋಗುತ್ತಾನೆ. ಆ ನಾಲ್ಕರಲ್ಲೂ ಎರಡೆರಡೇ ಸಾಲು ಇದ್ದವು. ಎಲ್ಲರೂ ಚೆನ್ನಾಗಿದ್ದೇವೆ, ಅಮ್ಮ ನೋಡಬೇಕು ಅನ್ನುತ್ತಿದ್ದಾಳೆ, ಬಾ. ಅರ್ಧ ಸುಳ್ಳು. ನಾಲ್ಕನೆಯದು ನಿನ್ನ ಕೈ ಸೇರಿದ್ದರೆ, ಎಂಥ ಮನೆಗೆ ನಿನ್ನನ್ನು ಕರೆಯುತ್ತಿದ್ದೇನೆ ಎನ್ನುವುದು ನಿನಗೆ ಗೊತ್ತಿರಬೇಕು. ಅದಕ್ಕೆ ಈ ಸಲ ಎಲ್ಲವನ್ನೂ ಬರೆಯುತ್ತೇನೆ.

ನಮ್ಮ ಮನೆಯ ಮಳೆನೀರಿನ ಕೊಳವೆ ನಿನಗೆ ನೆನಪಿರಲೇಬೇಕು. ತಾರಸಿಯಿಂದ ಹಿತ್ತಲ ಬಚ್ಚಲಮನೆಯ ಗೋಡೆಗುಂಟ ಇಳಿದು ಬರುವ ಕಬ್ಬಿಣದ ಕೊಳವೆ. ನೀನು ಮೇಲೆ, ನಾನು ಕೆಳಗೆ. ನೀನು ಅದಕ್ಕೆ ಬಾಯಿಟ್ಟು, "ಕೇಳ್ತಿದೀಯೇನೋ ರಾಮು?" ಎಂದರೆ ನಾನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಬೇಕು. ಕೇಳಿಸಿತು ಎಂದು ಅರ್ಥ. ಮಾತಾಡಿದರೆ ಅಪ್ಪನಿಗೆ ಗೊತ್ತಾಗುತ್ತದೆ, ತಟ್ಟಿದರೆ ಹಲ್ಲಿ ಎಂದುಕೊಳ್ಳುತ್ತಾರೆ ಎಂದು ನಿನ್ನ ತರ್ಕ. ಕಬ್ಬಿಣ ತಟ್ಟುವ ಹಲ್ಲಿಯನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಅಪ್ಪ ಹೋದ ಮೇಲೆ ನೀನು ಓದು ಬಿಟ್ಟು ಆಫೀಸು ಸೇರಿದೆ. ನಿನ್ನ ಸಂಬಳದಲ್ಲಿ ನಾನು ಹೆಬ್ಬಾಳದಲ್ಲಿ ಕೃಷಿ ಓದಿದೆ. ಮದುವೆಯಾದ ಮೇಲೂ ಸಂಜೆಯಾದರೆ ನೀನು ತಾರಸಿಗೆ ಹೋಗಿ, ಒಂದು ಪಾದವನ್ನು ಇನ್ನೊಂದು ಮಂಡಿಗೆ ಒತ್ತಿ ಕೊಕ್ಕರೆಯ ಹಾಗೆ ನಿಂತು, ಬಿನ್ನಿಪೇಟೆಯ ಮಿಲ್ಲಿನ ಹೊಗೆ ನೋಡುತ್ತಿದ್ದೆ. ಒಂದು ದಿನ, ಇಬ್ಬರಿಗೂ ಮೀಸೆ ಬಂದು ಎಷ್ಟೋ ವರ್ಷವಾದ ಮೇಲೆ, ಇದ್ದಕ್ಕಿದ್ದಂತೆ ಕೊಳವೆಯಲ್ಲಿ ನಿನ್ನ ದನಿ ಬಂತು. "ನಂಗೆ ಎಲ್ಲಿಗಾದ್ರೂ ಹೋಗ್ಬೇಕು ಕಣೋ. ಬಹಳ ದೂರ. ಅಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿರ್ಬಾರ್ದು." ಕೈಯಲ್ಲಿದ್ದ ಚೊಂಬು ಇಟ್ಟು ನಾನು ಎರಡು ಸಲ ತಟ್ಟಿದೆ. ಕೇಳಿಸಿಕೊಂಡೂ ಸುಮ್ಮನಿದ್ದೆ. ನನ್ನ ಓದು ಮುಗಿಯಲು ಇನ್ನೂ ಒಂದು ವರ್ಷವಿತ್ತು.

ಅರವತ್ತೇಳರ ಫೆಬ್ರವರಿಯಲ್ಲಿ ನನ್ನ ಕೆಲಸದ ಆರ್ಡರು ಬಂತು. ಸೋಮವಾರ ಅದು ಬಂತು, ಗುರುವಾರ ನೀನು ಹೋದೆ. ಸಿಟಿ ರೈಲ್ವೆ ಸ್ಟೇಷನ್ನಿನ ಸೈಕಲ್ ಸ್ಟ್ಯಾಂಡಿನಲ್ಲಿ ನಿನ್ನ ಸೈಕಲ್ಲು ಸಿಕ್ಕಿತು. ಬೀಗ ಹಾಕಿ, ಎರಡೂ ಚಕ್ರಕ್ಕೆ ಗಾಳಿ ತುಂಬಿಸಿ ಬಿಟ್ಟು ಹೋಗಿದ್ದೆ. ಆ ಗಾಳಿ ನನ್ನನ್ನು ಬಹಳ ದಿನ ಕಾಡಿತು. ಸಿಟ್ಟು ಮಾಡಿಕೊಂಡು ಹೋಗುವವನು ಚಕ್ರಕ್ಕೆ ಗಾಳಿ ಹೊಡೆಸುವುದಿಲ್ಲ.

ಆಮೇಲಿನ ಹನ್ನೆರಡು ವರ್ಷ ನೀನು ಎಲ್ಲಿದ್ದೆಯೋ ನನಗೆ ಗೊತ್ತಿಲ್ಲ. ನಾವು ಇಲ್ಲೇ ಇದ್ದೆವು. ಮನೆ ಬದಲಾಯಿಸುವ ಹಾಗಿಲ್ಲ, ನೀನು ಬಂದರೆ ಹುಡುಕಬೇಕಾಗುತ್ತದೆ. ಗೇಟಿಗೆ ಬೇರೆ ಬಣ್ಣ ಹೊಡೆಸುವ ಹಾಗಿಲ್ಲ, ನಿನಗೆ ಗುರುತು ಸಿಗುವುದಿಲ್ಲ. ಹಬ್ಬದ ದಿನ ಅಮ್ಮ ಒಂದು ಮುತ್ತುಗದ ಎಲೆ ಜಾಸ್ತಿ ಹಾಕಿ, ಪಾಯಸ ಬಡಿಸಿ, ಎಲ್ಲರ ಊಟ ಮುಗಿದ ಮೇಲೆ ಅದನ್ನು ಹಸುವಿಗೆ ಇಡುತ್ತಿದ್ದಳು. ಚೂಡಾಮಣಿ ಅತ್ತಿಗೆ ಚಾಮರಾಜಪೇಟೆಯ ಒಂದು ಸ್ಕೂಲಿನಲ್ಲಿ ಟೀಚರ್ ಆದರು. ನಿನ್ನ ಜೊತೆ ಮೂರು ವರ್ಷ ಸಂಸಾರ ಮಾಡಿದ ಹೆಂಗಸು ಹನ್ನೆರಡು ವರ್ಷ ಹೂವು ಮುಡಿದು, ಕುಂಕುಮ ಇಟ್ಟುಕೊಂಡು, ಸಂಜೆ ಗೇಟಿನ ಚಿಲಕ ಸದ್ದಾದರೆ ಕೈಯ ಕೆಲಸ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದರು. ಬರುತ್ತಿದ್ದವನು ನಾನು. ಪ್ರತಿದಿನವೂ ನಾನು. ನಾನು ಮನೆಗೆ ಬರುವುದೇ ಆ ಮನೆಯ ದಿನನಿತ್ಯದ ನಿರಾಸೆಯಾಗಿತ್ತು ಶೀನಣ್ಣ. ನನ್ನ ಮದುವೆಯ ಮಾತು ಬಂದಾಗಲೆಲ್ಲ ಅಮ್ಮ, "ಅವ್ನು ಬರ್ಲಿ, ಅವನ ಮುಂದೆ ಆಗ್ಲಿ" ಎನ್ನುತ್ತಿದ್ದಳು. ಜಾತಕಗಳು ಬಂದವು, ಹೋದವು, ಆ ಹುಡುಗಿಯರ ಮಕ್ಕಳು ಈಗ ಸ್ಕೂಲಿಗೆ ಹೋಗುತ್ತಿದ್ದಾರೆ.

ಎಪ್ಪತ್ತೊಂಬತ್ತರ ಫೆಬ್ರವರಿಗೆ ಹನ್ನೆರಡು ವರ್ಷ ತುಂಬಿತು. ನಮ್ಮ ಪುರೋಹಿತರು ಅಳಸಿಂಗಾಚಾರ್ಯರು ಮನೆಗೆ ಬಂದು ಇನ್ನು ತಡಮಾಡಬಾರದು ಎಂದರು. ಕಾಣೆಯಾದವನ ಸುದ್ದಿ ಹನ್ನೆರಡು ವರ್ಷ ಬರದಿದ್ದರೆ, ಅವನ ಆಕಾರ ಮಾಡಿ, ಅದಕ್ಕೆ ಸಂಸ್ಕಾರ ಮಾಡಬೇಕು. ಇಲ್ಲದಿದ್ದರೆ ಹೋದವನಿಗೂ ಗತಿಯಿಲ್ಲ, ಇದ್ದವರಿಗೂ ಇಲ್ಲ. ಅತ್ತಿಗೆ ಕೇಳಿದ್ದು ಒಂದೇ ಮಾತು. "ಎಣಿಕೆ ಸರಿಯಾಗಿದೆಯಾ?" ಸರಿಯಾಗಿದೆ ಎಂದೆವು. ಏಪ್ರಿಲ್‌ನಲ್ಲಿ ಒಂದು ದಿನ ಗೊತ್ತಾಯಿತು. ಮೇ ತಿಂಗಳಲ್ಲಿ ನನ್ನನ್ನು ಮುಸುಕಿನ ಜೋಳದ ತರಬೇತಿಗೆಂದು ಆರು ತಿಂಗಳು ಮೆಕ್ಸಿಕೋಕ್ಕೆ ಕಳಿಸುವ ಆದೇಶವೂ ಅದೇ ಹೊತ್ತಿಗೆ ಬಂದಿತ್ತು. ಹುಟ್ಟಿದ ಮೇಲೆ ಮೊದಲ ಸಲ ನಾನೂ ಎಲ್ಲಿಗೋ ಹೋಗುವವನಿದ್ದೆ.

ಮಾರ್ಚ್ ತಿಂಗಳ ಕೊನೆಯಲ್ಲಿ ಮುನಿರಾಮಪ್ಪ ಗೇಟಿನಲ್ಲಿ ನನ್ನ ಕೈಗೆ ಒಂದು ಕಾರ್ಡು ಕೊಟ್ಟ. ಅಮ್ಮ ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದಳು. ಅತ್ತಿಗೆ ಸ್ಕೂಲಿಗೆ ಹೋಗಿದ್ದರು. ಕಾರ್ಡಿನಲ್ಲಿ ಇದ್ದದ್ದು ಒಂದು ಸಾಲು. "ಅಮ್ಮನ ಮಂಡಿ ನೋವು ಹೇಗಿದೆ?" ಸಹಿ ಇಲ್ಲ, ವಿಳಾಸ ಇಲ್ಲ, ಒರಿಸ್ಸಾದ ರಾಯಗಡದ ಮುದ್ರೆ ಮಾತ್ರ. ಆದರೆ ಆ ಅಕ್ಷರ! ನನ್ನ ಕೈ ಹಿಡಿದು ತಿದ್ದಿಸಿದ ಅಕ್ಷರ. ನನಗೆ ಕೂರಬೇಕೆನಿಸಿತು. ಕೂತರೆ ಅಮ್ಮ ಯಾಕೆ ಎಂದು ಕೇಳುತ್ತಾಳೆ, ಅದಕ್ಕೇ ನಿಂತೇ ಇದ್ದೆ.

ಆ ಕಾರ್ಡು ತೋರಿಸಿದರೆ ಎಣಿಕೆ ಅವತ್ತಿನಿಂದ ಮತ್ತೆ ಶುರು. ತೊಂಬತ್ತೊಂದರವರೆಗೆ. ಅಮ್ಮ ಅಷ್ಟು ದಿನ ಇರುವುದಿಲ್ಲ. ಅತ್ತಿಗೆಗೆ ತಲೆ ನರೆತಿರುತ್ತದೆ. ಗೇಟಿನ ಚಿಲಕ, ಒಂದು ಎಲೆ ಜಾಸ್ತಿ, ಪ್ರತಿ ಸಂಜೆ ನನ್ನ ಮುಖ ಕಂಡು ಅವರ ಮುಖ ಬಾಡುವುದು. ಅವರಿಗೆ ಬಿಡುಗಡೆಯಾಗಲಿ ಎಂದು ಕಾರ್ಡು ಬಚ್ಚಿಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಕರುಣೆಯಲ್ಲ ಶೀನಣ್ಣ. ನಿನ್ನನ್ನು ಕಾದು ಕಾದು ನನಗೆ ಸಾಕಾಗಿತ್ತು. ನೀನು ಸತ್ತಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಕಾರ್ಡನ್ನು ಮಡಿಸಿ ಹೊಸ ಪಾಸ್‌ಪೋರ್ಟಿನ ರಟ್ಟಿನೊಳಗೆ ಸೇರಿಸಿದೆ.

ಪಶ್ಚಿಮವಾಹಿನಿಯಲ್ಲಿ ನಿನ್ನನ್ನು ಮಾಡಿದೆವು. ಮುನ್ನೂರ ಅರವತ್ತು ಮುತ್ತುಗದ ತೊಟ್ಟು, ಕೈಗೆ ಇಷ್ಟು, ಕಾಲಿಗೆ ಇಷ್ಟು, ಎದೆಗೆ ಇಷ್ಟು ಎಂದು ಆಚಾರ್ಯರು ಎಣಿಸಿ ಎಣಿಸಿ ಕೊಟ್ಟರು, ನಾನು ದರ್ಭೆಯಿಂದ ಕಟ್ಟಿದೆ. ಗಾಂಧಿ ಬಜಾರಿನಿಂದ ತಂದ ಕಟ್ಟು. ಹಬ್ಬದಲ್ಲಿ ಅಮ್ಮ ನಿನಗೆ ಹಾಕುತ್ತಿದ್ದ ಎಲೆಯೂ ಅದೇ ಅಂಗಡಿಯದು. ತಲೆಗೆ ಒಂದು ತೆಂಗಿನಕಾಯಿ. ಬೆಂಕಿ ಇಡುವ ಮೊದಲು ಆಚಾರ್ಯರು ನನ್ನ ಮುಖ ನೋಡಿ ಕೇಳಿದರು. "ಮಧ್ಯೆ ಏನಾದ್ರೂ ಸಮಾಚಾರ ಬಂದಿತ್ತೇನಪ್ಪಾ? ಕೇಳೋದು ನನ್ನ ಧರ್ಮ." ಇಲ್ಲ ಎಂದೆ. "ಯಾರಾದ್ರೂ ನೋಡಿದೆ ಅಂದಿದ್ರಾ?" ಇಲ್ಲ. "ಕಾಗದ ಪತ್ರ?" ಇಲ್ಲ. ಮೂರು ಸಲ ಇಲ್ಲ ಎಂದೆ, ಕಾವೇರಿಯಲ್ಲಿ ಮಿಂದ ಒದ್ದೆ ಪಂಚೆಯಲ್ಲೇ. ಬೆಂಕಿ ಚೆನ್ನಾಗಿ ಹಿಡಿದ ಮೇಲೆ ಕಾಯಿ ಸಿಡಿದು, ಹೊರಗೆ ಉರುಳಿ, ನನ್ನ ಕಾಲ ಹತ್ತಿರ ಬಂದು ನಿಂತಿತು. ಆಚಾರ್ಯರು ಒಂದು ಕೋಲು ನನ್ನ ಕೈಗೆ ಕೊಟ್ಟರು. ನಿನ್ನ ತಲೆಯನ್ನು ನಾನೇ ಒಳಕ್ಕೆ ತಳ್ಳಿದೆ.

ಹತ್ತನೆಯ ದಿನ ಅತ್ತಿಗೆ ಕುಂಕುಮ ಅಳಿಸಿದರು. ನಾನು ಆ ದಿನ ಬೆಳಿಗ್ಗೆಯೇ ಆಫೀಸಿನ ನೆಪ ಹೇಳಿ ಮನೆಯಿಂದ ಹೊರಬಿದ್ದಿದ್ದೆ.

ಮೆಕ್ಸಿಕೋದಲ್ಲಿ ನಾಲ್ಕು ತಿಂಗಳು ಜೋಳದ ಹೊಲದಲ್ಲಿ ನನಗೆ ಏನೂ ಆಗಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ರಜೆ ಬಂತು. ತರಬೇತಿಗೆ ಬಂದಿದ್ದ ಹನ್ನೊಂದು ಜನ, ನೇಪಾಳದವರು, ಕೀನ್ಯಾದವರು, ಫಿಲಿಪ್ಪೀನ್ಸಿನವರು, ಎಲ್ಲರೂ ಸೇರಿ ದೇಶದ ದಕ್ಷಿಣಕ್ಕೆ ಪಾಲೆಂಕೆ ಎನ್ನುವ ಕಡೆ ಹೋದೆವು. ಕಾಡಿನೊಳಗೆ ಮಾಯಾ ಎನ್ನುವ ಜನಾಂಗ ಕಟ್ಟಿ, ಸಾವಿರ ವರ್ಷದ ಹಿಂದೆಯೇ ಬಿಟ್ಟು ಹೋದ ಹಾಳೂರು ಅದು. ಯಾಕೆ ಬಿಟ್ಟರು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಹೋಗುವವರೆಲ್ಲ ಕಾರಣ ಹೇಳಿ ಹೋಗುವುದಿಲ್ಲ, ಅದು ನನಗೆ ಹೊಸ ವಿಷಯವೇನಲ್ಲ.

ನಮ್ಮನ್ನು ಕರೆದುಕೊಂಡು ಹೋದ ಗೈಡಿನ ಹೆಸರು ಯೂಸೆಬಿಯೊ. ಆ ಮಾಯಾ ಜನರ ಪೈಕಿಯವನೇ. ಅರವತ್ತರ ಹತ್ತಿರದ ಕುಳ್ಳ ಮನುಷ್ಯ, ತಲೆಗೆ ಹುಲ್ಲಿನ ಟೋಪಿ, ಸೊಂಟದಲ್ಲಿ ಮಚ್ಚು. ಗಾಂಧಿ ಬಜಾರಿನಲ್ಲಿ ಅವರೆಕಾಯಿ ರಾಶಿಯ ಮುಂದೆ ಕೂರಿಸಿದರೆ ಯಾರೂ ಅನುಮಾನ ಪಡುವುದಿಲ್ಲ. ಕಾಡಿನಲ್ಲಿ ಒಬ್ಬರು ತಪ್ಪಿಸಿಕೊಂಡರೂ ಅವನ ಕೆಲಸ ಹೋಗುತ್ತದೆ, ಅದಕ್ಕೆ ನಿಂತ ಕಡೆಯಲ್ಲೆಲ್ಲ ಬೆರಳು ಮಾಡಿ ನಮ್ಮನ್ನು ಎಣಿಸುತ್ತಿದ್ದ. ಅಲ್ಲಿ ಎಲ್ಲರೂ ಆಡುವ ಸ್ಪ್ಯಾನಿಷ್ ಭಾಷೆಯಲ್ಲಿ ಹನ್ನೊಂದಕ್ಕೆ ಓನ್ಸೆ. ಹನ್ನೆರಡಕ್ಕೆ ದೋಸೆ. ಅದನ್ನು ಕೇಳಿದ ದಿನ ನಾನು ಒಬ್ಬನೇ ನಕ್ಕಿದ್ದೆ.

ಕಾಡು ನನಗೆ ಅಪರಿಚಿತ ಎನಿಸಲಿಲ್ಲ. ಸಪೋಟ, ಸೀಬೆ, ಪರಂಗಿ, ಎಲ್ಲವೂ ಅಲ್ಲಿಯ ಮೂಲದವು. ಲಾಲ್‌ಬಾಗಿನ ಮರಗಳ ತವರುಮನೆಗೆ ಬಂದ ಹಾಗಿತ್ತು. ಆದರೆ ಮರದ ಮೇಲಿಂದ ಒಂದು ಸದ್ದು ಬರುತ್ತಿತ್ತು, ಎಷ್ಟೋ ಜನ ಒಟ್ಟಿಗೆ ನರಳುವ ಹಾಗೆ. ಕೋತಿಗಳು ಎಂದು ಯೂಸೆಬಿಯೊ ಹೇಳಿದ. ಕೋತಿ ಎಂದು ಗೊತ್ತಾದ ಮೇಲೂ ಮೈ ಜುಮ್ಮೆನ್ನುವುದು ನಿಲ್ಲಲಿಲ್ಲ.

ಅಲ್ಲಿ ಒಂದು ದೊಡ್ಡ ಮೆಟ್ಟಿಲ ಗೋಪುರ. ಅದರ ನೆತ್ತಿಯಲ್ಲಿ ಒಂದು ಗುಡಿ. ಗುಡಿಯ ನೆಲದ ಕಲ್ಲು ಎತ್ತಿದರೆ ಒಳಗೆ ಇನ್ನೊಂದು ಮೆಟ್ಟಿಲ ಸಾಲು, ಗೋಪುರದ ಹೊಟ್ಟೆಯೊಳಕ್ಕೆ ಇಳಿಯುತ್ತದೆ. ಒದ್ದೆ, ಜಾರಿಕೆ, ಅಲ್ಲೊಂದು ಇಲ್ಲೊಂದು ಮಂಕು ಬಲ್ಬು. ಕೆಳಗೆ ಒಬ್ಬ ರಾಜನ ಗೋರಿ. ಆ ರಾಜನನ್ನು ನಾನು ಸರಿಯಾಗಿ ನೋಡಲಿಲ್ಲ ಶೀನಣ್ಣ. ನನ್ನ ಕಣ್ಣು ಮೆಟ್ಟಿಲ ಪಕ್ಕಕ್ಕೆ ಹೋಗಿತ್ತು. ಅಲ್ಲಿ ಗೋರಿಯಿಂದ ಹೊರಟು ಮೇಲಿನ ಗುಡಿಯ ನೆಲದವರೆಗೆ, ಮೆಟ್ಟಿಲ ಜೊತೆಜೊತೆಗೇ ಹತ್ತಿ ಹೋಗುವ ಕಲ್ಲಿನ ಕೊಳವೆ ಇತ್ತು. ಏನಿದು ಎಂದು ಕೇಳಿದೆ. ಯೂಸೆಬಿಯೊನ ಹರಕು ಇಂಗ್ಲಿಷನ್ನು ನಮ್ಮ ಮಾತಿಗೆ ತಂದರೆ ಹೀಗೆ: "ಸತ್ತ ರಾಜ ಕೆಳಗಿಂದ ಮಾತಾಡ್ತಾನೆ, ಮೇಲಿರೋರು ಕೇಳಿಸ್ಕೋತಾರೆ, ಅದಕ್ಕೆ ಮಾಡಿದ್ದು ಅಂತಾರೆ. ನಂಗಂತೂ ಇದುವರೆಗೆ ಏನೂ ಕೇಳಿಸಿಲ್ಲಪ್ಪ. ನಂದು ತೋರಿಸೋ ಕೆಲಸ."

ಎಲ್ಲರೂ ಮೇಲೆ ಹತ್ತಲು ಶುರು ಮಾಡಿದರು. ನಾನು ಹಿಂದೆ ಉಳಿದೆ. ನಗಬೇಡ. ಮೂವತ್ತನಾಲ್ಕು ವರ್ಷದ ಸರ್ಕಾರಿ ವಿಜ್ಞಾನಿ, ಕುತ್ತಿಗೆಯಲ್ಲಿ ಕ್ಯಾಮೆರಾ, ಮಂಡಿಯೂರಿ ಆ ಕೊಳವೆಯ ಕಲ್ಲು ಒಡೆದ ಕಡೆ ಬಾಯಿಟ್ಟು, "ಶೀನಣ್ಣಾ, ಕೇಳ್ತಿದೀಯಾ?" ಎಂದೆ. ಕಿವಿ ಇಟ್ಟೆ. ಸತ್ತಿದ್ದರೆ ತಟ್ಟು ಎಂದು ಬೇಡಿಕೊಂಡೆ. ಕಾರ್ಡು ಬಂದ ಮೇಲೆ ನಿನಗೆ ಏನಾದರೂ ಆಗಿರಬಹುದಲ್ಲ. ಹಾಗೆ ಆಗಿದ್ದರೆ ನಾನು ಮಾಡಿದ್ದು ಸರಿಯಾಗುತ್ತದೆ, ಅತ್ತಿಗೆಯ ಹಣೆ ಬೋಳಾದದ್ದು ಸರಿಯಾಗುತ್ತದೆ. ಎರಡು ಸಲ ತಟ್ಟು, ಸಾಕು. ಕಲ್ಲಿನೊಳಗೆ ನೀರು ತೊಟ್ಟಿಕ್ಕುವ ಸದ್ದೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ಇದ್ದೆನೋ. ಸತ್ತವರ ಕೊಳವೆಯಲ್ಲಿ ನೀನು ಇರಲಿಲ್ಲ. ಆ ಮೌನ ಕೇಳಿ ನನಗೆ ಆದಷ್ಟು ಹೆದರಿಕೆ ಯಾವ ದೆವ್ವದ ದನಿ ಕೇಳಿದ್ದರೂ ಆಗುತ್ತಿರಲಿಲ್ಲ.

ಮಧ್ಯಾಹ್ನ ಜಲಪಾತಗಳಿಗೆ ಹೊರಟೆವು. ನೀಲಿ ನೀರು ಎಂದೇ ಹೆಸರಾದ ಒಂದು ಜಲಪಾತ ಮಳೆಗಾಲವಾದ್ದರಿಂದ ಕೆಂಪಗೆ ಕದಡಿ ಹೋಗಿದೆ ಎಂದು ಯೂಸೆಬಿಯೊ ಬೇಜಾರು ಮಾಡಿಕೊಂಡು, ಮಿಸೊಲ್ ಹಾ ಎನ್ನುವ ಇನ್ನೊಂದಕ್ಕೆ ಕರೆದೊಯ್ದ. ನಮ್ಮ ಜೋಗದ ಮುಂದೆ ಅದು ಕೂಸು. ಆದರೆ ಅದರ ಹಿಂದೆ ಕಾಲುದಾರಿ ಇದೆ. ಬೀಳುವ ನೀರಿನ ಹಿಂಬದಿಗೆ ಹೋಗಿ ನಿಲ್ಲಬಹುದು. ಮುಂದೆ ನೀರಿನ ಗೋಡೆ, ಹಿಂದೆ ಬಂಡೆ, ಮಧ್ಯೆ ನಾವು. ಅಲ್ಲಿ ನಿಂತಾಗ, ಇಲ್ಲಿಯೇ ಇದನ್ನು ಮುಗಿಸಿಬಿಡೋಣ ಅನ್ನಿಸಿತು. ಬೊಗಸೆಯಲ್ಲಿ ನೀರು ಹಿಡಿದು ಗೋತ್ರ ಹೇಳಿದೆ. ನಿನ್ನ ಹೆಸರು ಹೇಳಿದೆ. ಪ್ರೇತ ಎನ್ನುವ ಮುಂದಿನ ಮಾತು ಪಶ್ಚಿಮವಾಹಿನಿಯಲ್ಲಿ ಸಲೀಸಾಗಿ ಬಂದಿತ್ತು, ಅಲ್ಲಿ ಬರಲಿಲ್ಲ. ಬೊಗಸೆಯ ನೀರೆಲ್ಲ ಬೆರಳ ಸಂದಿಯಲ್ಲಿ ಸೋರಿ ಹೋಯಿತು.

ಹೊರಗೆ ಬಂದ ಮೇಲೆ ಯೂಸೆಬಿಯೊ ಎಣಿಸಿದ. ದೋಸೆ, ಎಂದ. ತಲೆ ಕೊಡವಿ ಮತ್ತೆ ಎಣಿಸಿದ. ದೋಸೆ. ಬೆಳಿಗ್ಗೆಯಾಗಿದ್ದರೆ ನಕ್ಕುಬಿಡುತ್ತಿದ್ದೆ. ನಮ್ಮೆಲ್ಲರನ್ನೂ ನೀರಿನ ಮುಂದೆ ನಿಲ್ಲಿಸಿ, ನನ್ನದೇ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದ. ಊಟದ ಗುಡಿಸಲಿಗೆ ಅವನು ಮೊದಲೇ ಹೋಗಿ ಲೆಕ್ಕ ಹೇಳಿದ್ದ. ಅಲ್ಲಿಯ ಹೆಂಗಸು ಹನ್ನೆರಡು ತಟ್ಟೆ ಇಟ್ಟಿದ್ದಳು. ಹನ್ನೆರಡಕ್ಕೂ ಜೋಳದ ರೊಟ್ಟಿ, ಹುರುಳಿಯಂಥ ಕಾಳಿನ ಪಲ್ಯ. ನಾವು ಹನ್ನೊಂದು ಜನ ಕೂತೆವು. ನನ್ನ ಪಕ್ಕದ ತಟ್ಟೆಯನ್ನು ಯಾರೂ ತೆಗೆಯಲಿಲ್ಲ. ಆವಿಯಾಡುತ್ತ ಇತ್ತು, ಆಮೇಲೆ ಆರಿತು. ಸತ್ತವರ ಕಡೆ ನಿನಗೆ ಜಾಗವಿಲ್ಲ, ಬದುಕಿದವರ ಮನೆಯಿಂದ ನಾನೇ ನಿನ್ನನ್ನು ಹೊರಗೆ ಹಾಕಿದ್ದೇನೆ. ಎರಡೂ ಕಡೆ ಇಲ್ಲದವನು ನನ್ನ ಬೆನ್ನಿಗೆ ಬರದೆ ಇನ್ನೆಲ್ಲಿಗೆ ಹೋಗುತ್ತಾನೆ?

ಆ ಫೋಟೋಗಳನ್ನು ಅಲ್ಲಿಯೇ ಸ್ಲೈಡು ಮಾಡಿಸಿ ತಂದು, ಪೆಟ್ಟಿಗೆ ತೆಗೆಯದೆ ಒಂದು ವರ್ಷ ಬೀರುವಿನಲ್ಲಿ ಇಟ್ಟಿದ್ದೆ. ಅಮ್ಮ ಬಿಡಲಿಲ್ಲ. "ಅಷ್ಟು ದೂರ ಹೋಗಿ ಬಂದ್ಯಲ್ಲೋ, ಏನಿತ್ತು ಅಂತ ಒಂದಿನ ಆದ್ರೂ ತೋರಿಸ್ಬಾರ್ದಾ?" ಕಳೆದ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಆಫೀಸಿನ ಪ್ರೊಜೆಕ್ಟರ್ ತಂದು, ಕಿಟಕಿಗಳಿಗೆ ಕಂಬಳಿ ಕಟ್ಟಿ, ಅಪ್ಪನ ಬಿಳಿ ಪಂಚೆಯನ್ನು ಗೋಡೆಗೆ ಇಳಿಬಿಟ್ಟೆ. ಅಮ್ಮ ಕುರ್ಚಿಯಲ್ಲಿ, ಅತ್ತಿಗೆ ಬಾಗಿಲ ಹತ್ತಿರ ನೆಲದ ಮೇಲೆ. ಜೋಳದ ಹೊಲ ಬಂತು, ಗೋಪುರ ಬಂತು, ಕೊನೆಗೆ ಜಲಪಾತ ಬಂತು. ನಾನು ಎಣಿಸಲಿಲ್ಲ. ಎಣಿಸಬಾರದು ಎಂದೇ ಕಣ್ಣು ಬೇರೆ ಕಡೆ ಇಟ್ಟುಕೊಂಡಿದ್ದೆ. ಅಮ್ಮ ಎದ್ದಳು. ಮಂಡಿ ನೋವಿನ ಹೆಂಗಸು ಯಾರ ಕೈಯನ್ನೂ ಹಿಡಿಯದೆ ಗೋಡೆಯವರೆಗೆ ನಡೆದು ಹೋಗಿ, ಪಂಚೆಯ ಬಲತುದಿಗೆ ಕೈ ಇಟ್ಟಳು. ನಮ್ಮೆಲ್ಲರಿಂದ ಸ್ವಲ್ಪ ದೂರ, ನೀರಿನ ತುಂತುರಿನಲ್ಲಿ ಮಸುಕಾಗಿ ಒಬ್ಬ ನಿಂತಿದ್ದ. ಮುಖ ಕಾಣುವುದಿಲ್ಲ. ಒಂದು ಪಾದವನ್ನು ಇನ್ನೊಂದು ಮಂಡಿಗೆ ಒತ್ತಿಕೊಂಡು ನಿಂತಿದ್ದಾನೆ.

"ಇವ್ನು ಹಿಂಗೇ ಅಲ್ವೇನೋ ನಿಲ್ಲೋದು?" ಎಂದಳು ಅಮ್ಮ.

ಅಲ್ಲಿ ಬಾಳೆಹಣ್ಣು ಮಾರುತ್ತಿದ್ದ ಯಾರೋ ಇರಬಹುದು. ಕಾಲಿಗೆ ಮುಳ್ಳು ಚುಚ್ಚಿರಬಹುದು. ನನ್ನನ್ನು ನಾನು ಇವತ್ತಿಗೂ ಹಾಗೆ ಸಮಾಧಾನ ಮಾಡಿಕೊಳ್ಳುತ್ತೇನೆ. ಅವತ್ತು ಮಾತ್ರ ಆಗಲಿಲ್ಲ. ಎದ್ದು ಹೋಗಿ ಪಾಸ್‌ಪೋರ್ಟಿನೊಳಗಿನ ಕಾರ್ಡು ತಂದು, ಕಿಟಕಿಯ ಕಂಬಳಿ ಸರಿಸಿ, ಅತ್ತಿಗೆಯ ಮುಂದೆ ಇಟ್ಟೆ.

ಅತ್ತಿಗೆ ಕಾರ್ಡನ್ನು ಎರಡು ಸಲ ಓದಿದರು. ಒಂದು ಸಾಲನ್ನು ಎರಡು ಸಲ ಓದಲು ಅಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿರಲಿಲ್ಲ. ಮುದ್ರೆಯ ತಾರೀಖು ನೋಡಿದರು. "ಹಾಗಾದ್ರೆ ಒಂದೂವರೆ ವರ್ಷದಿಂದ ನಾನು ಸುಮ್‌ಸುಮ್ನೆ ಬೋಳು ಹಣೇಲಿ ಸ್ಕೂಲಿಗೆ ಹೋಗ್ತಿದೀನಿ" ಎಂದರು. ನಿಮಗೆ ಬಿಡುಗಡೆಯಾಗಲಿ ಅಂತ, ಎಂದು ನಾನು ಏನೋ ತೊದಲಿದೆ. "ನನ್ನನ್ನ ಒಂದು ಮಾತು ಕೇಳ್ಬೇಕಾಗಿತ್ತು ರಾಮು. ಕಾಯೋದು ನನ್ನ ಕೆಲಸ ಆಗಿತ್ತು. ಬಿಡೋದಾದ್ರೂ ನಾನು ಬಿಡ್ಬೇಕಾಗಿತ್ತು, ನೀವಲ್ಲ." ಆಮೇಲೆ ಕಾರ್ಡನ್ನು ತಿರುಗಿಸಿ ನೋಡಿ, "ಇದ್ರಲ್ಲಿ ನನ್ನ ಹೆಸರಿಲ್ಲ ಅಲ್ವಾ" ಎಂದರು. ಆ ಮಾತಿಗೆ ಉತ್ತರ ಕೊಡಬೇಕಾದವನು ನೀನು.

ಮಾರನೆಯ ದಿನ ಬೆಳಿಗ್ಗೆ ಅತ್ತಿಗೆ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಟಿಫಿನ್ ಡಬ್ಬಿ ತೆಗೆದುಕೊಂಡು ಬಸ್ ಸ್ಟಾಪಿಗೆ ನಡೆದರು. ಬೀದಿಯವರೆಲ್ಲ ಕಾಂಪೌಂಡಿನ ಮೇಲಿಂದ ನೋಡಿದರು. ಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ತುಳಸಮ್ಮನವರು ಏನಮ್ಮಾ ಇದು ಎಂದು ಕೇಳಿದ್ದಕ್ಕೆ, "ನಮ್ಮ ಯಜಮಾನ್ರು ಊರಲ್ಲಿಲ್ಲ, ಅಷ್ಟೆ" ಎಂದರಂತೆ. ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಊಟ ಬಡಿಸುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಅದನ್ನು ತಿನ್ನುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಾಗಲಾರದು.

ಆಚಾರ್ಯರ ಮನೆಗೆ ಹೋಗಿ ಅವರ ಕಾಲಿಗೆ ಬಿದ್ದು ಎಲ್ಲ ಹೇಳಿದೆ. ಬಹಳ ಹೊತ್ತು ನನ್ನನ್ನು ಏಳು ಎನ್ನಲಿಲ್ಲ. ಆಮೇಲೆ ಒಳಗೆ ಹೋಗಿ ಒಂದು ಹಳೆಯ ಪುಸ್ತಕ ತಂದು, ಕನ್ನಡಕ ಏರಿಸಿ ಹುಡುಕಿದರು. ಹೀಗೆ ಸಂಸ್ಕಾರ ಆದವನು ತಿರುಗಿ ಬಂದರೆ ಅದಕ್ಕೂ ದಾರಿ ಬರೆದಿಟ್ಟಿದ್ದಾರೆ ಶೀನಣ್ಣ. ಅವನು ಮತ್ತೆ ಹುಟ್ಟಬೇಕು. ತುಪ್ಪ ಬೆರೆಸಿದ ನೀರಿನ ದೊಡ್ಡ ಪಾತ್ರೆಯಲ್ಲಿ ಅವನನ್ನು ಕೂರಿಸಿ, ಮುಳುಗಿಸಿ, ಮಗುವನ್ನು ಎತ್ತಿದ ಹಾಗೆ ಎತ್ತಿ, ತಾಯಿಯ ಮಡಿಲಿಗೆ ಕೊಡಬೇಕು. ಜಾತಕರ್ಮ, ನಾಮಕರಣ, ಉಪನಯನ, ಎಲ್ಲ ಮೊದಲಿನಿಂದ. ಹೆಂಡತಿ ಇದ್ದರೆ ಅವಳನ್ನೇ ಮತ್ತೆ ಮದುವೆಯಾಗಬೇಕು. "ಸುಟ್ಟೋನು ನೀನು. ನೀನೇ ನಿಂತು ಹುಟ್ಟಿಸ್ಬೇಕು" ಎಂದರು ಆಚಾರ್ಯರು.

ಮನೆಗೆ ಬಂದು ಹೇಳಿದೆ. ಮದುವೆಯ ಭಾಗಕ್ಕೆ ಬಂದಾಗ ನನ್ನ ದನಿ ಇಳಿಯಿತು. ಅಡಿಗೆಮನೆಯಿಂದ ಅತ್ತಿಗೆ, ಎರಡು ತಿಂಗಳಲ್ಲಿ ಮೊದಲ ಸಲ, ನನಗೆ ಕೇಳುವಂತೆ ಹೇಳಿದರು. "ಈ ಸಲ ಮದುವೆ ಅಂದ್ರೆ ನನ್ನನ್ನೂ ಕೇಳ್ಬೇಕಾಗತ್ತಲ್ಲ. ಬರ್ಲಿ. ಅವರೇ ಕೇಳ್ಲಿ. ಆಗ ಹೇಳ್ತೀನಿ." ಅವರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ನೀನು ಬಂದು ಕೇಳಬೇಕು, ನಿಂತು ಕೇಳಿಸಿಕೊಳ್ಳಬೇಕು. ಹೂಂ ಎಂದರೂ ಸರಿ, ಉಹೂಂ ಎಂದರೂ ಸರಿ, ಅಷ್ಟಾದರೂ ನೀನು ಅವರಿಗೆ ಬಾಕಿ ಇದ್ದೀಯ.

ಅಮ್ಮ ಮಾತ್ರ ಅವತ್ತೇ ಕೆಲಸ ಶುರು ಮಾಡಿದಳು. ಮದುವೆ ಮುಂಜಿಗಳಲ್ಲಿ ಅನ್ನ ಬೇಯಿಸುತ್ತಿದ್ದ ನಮ್ಮ ದೊಡ್ಡ ಕೊಪ್ಪರಿಗೆಯನ್ನು ಅಟ್ಟದಿಂದ ಇಳಿಸಿಕೊಂಡಳು. ಕಲಾಯಿಯವನನ್ನು ಕರೆಸಿ, ಹಿತ್ತಲಲ್ಲಿ ಒಲೆ ಹೂಡಿಸಿ, ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುವಂತೆ ಕಲಾಯಿ ಹಾಕಿಸಿದಳು. ಬಚ್ಚಲಮನೆಯಲ್ಲಿ ಅದನ್ನು ಇಟ್ಟು ಏಳು ತಿಂಗಳಾಯಿತು. ವಾರಕ್ಕೊಮ್ಮೆ ಹುಣಿಸೆಹಣ್ಣು ಹಾಕಿ ಹೊರಗೆ ತಿಕ್ಕುತ್ತಾಳೆ. ನೀನು ಕೇಳಿದ್ದೆಯಲ್ಲ, ಅವಳ ಮಂಡಿ ನೋವು ಜಾಸ್ತಿಯಾಗಿದೆ. ಆದರೂ ಕೂತು ತಿಕ್ಕುತ್ತಾಳೆ. ಎಪ್ಪತ್ತೆರಡು ವರ್ಷಕ್ಕೆ ಹೆರಿಗೆಗೆ ಸಿದ್ಧವಾಗಿರುವ ಹೆಂಗಸು ಇಡೀ ಬಸವನಗುಡಿಯಲ್ಲಿ ಅವಳೊಬ್ಬಳೇ ಇರಬೇಕು.

ಮೊನ್ನೆ ಭಾನುವಾರ, "ಇದ್ರಲ್ಲಿ ಹಿಡೀತಾನೇನೋ ಅವ್ನು? ನೀನೂ ಅವನಷ್ಟೇ ಎತ್ತರ, ಒಂದ್ಸಲ ಕೂತು ನೋಡು" ಎಂದಳು. ನಾನು ಪಂಚೆ ಎತ್ತಿ ಕಟ್ಟಿ ಕೊಪ್ಪರಿಗೆಯೊಳಗೆ ಇಳಿದು, ಮಂಡಿ ಎದೆಗೆ ತಂದು ಕೂತೆ. ಹಿಡಿಯುತ್ತದೆ ಶೀನಣ್ಣ. ಸ್ವಲ್ಪ ಬಗ್ಗಬೇಕು ಅಷ್ಟೆ. ತಣ್ಣಗಿತ್ತು. ಹೊರಗಿನ ಸದ್ದೆಲ್ಲ ದೂರವಾಯಿತು. ಆ ಗೋರಿಯ ಒಳಗೆ ಕೂತ ಹಾಗೆಯೂ ಅನ್ನಿಸಿತು, ಇನ್ನೂ ಹುಟ್ಟದೆ ಕೂತ ಹಾಗೆಯೂ ಅನ್ನಿಸಿತು. ತಲೆಯ ಪಕ್ಕದ ಗೋಡೆಯಾಚೆ ನಮ್ಮ ಕೊಳವೆ. ನನಗೇ ತಿಳಿಯದಂತೆ, "ಕೇಳ್ತಿದೀಯಾ?" ಎಂದುಬಿಟ್ಟೆ. ಆಮೇಲೆ ಕೊಪ್ಪರಿಗೆಯ ಹೊರಮೈಯನ್ನು ಯಾರೋ ಎರಡು ಸಲ ತಟ್ಟಿದರು.

ತಲೆ ಎತ್ತಿ ನೋಡಿದರೆ ಅಮ್ಮ. ಬೆರಳ ಗೆಣ್ಣು ಮಡಿಸಿಕೊಂಡು ನಿಂತಿದ್ದಳು. "ನಿಮ್ಮ ಹಲ್ಲಿ ಯಾವುದು ಅಂತ ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡಿದ್ರೇನೋ ಇಬ್ರೂ?" ಎಂದಳು. ನಾನು ಆ ಪಾತ್ರೆಯೊಳಗೇ ಕೂತು ಅತ್ತೆ. ಅಮ್ಮ ನನ್ನ ತಲೆ ಸವರಲಿಲ್ಲ. "ಏಳು, ಏಳು. ಅದು ಅವನಿಗೆ" ಎಂದಳು.

ಇಷ್ಟೇ ಶೀನಣ್ಣ. ನಿನಗೆ ನಾನು ಮಾಡಿದ್ದಕ್ಕೆ ಕ್ಷಮೆ ಕೇಳುತ್ತಿದ್ದೇನೆ. ನೀನು ನಮಗೆ ಮಾಡಿದ್ದಕ್ಕೆ ಇನ್ನೂ ಕ್ಷಮಿಸಿಲ್ಲ, ಅದನ್ನು ಎದುರಿಗೆ ಕೂತು ಜಗಳವಾಡಬೇಕೆಂದು ಇಟ್ಟುಕೊಂಡಿದ್ದೇನೆ. ಬಾರದಿದ್ದರೆ ಒಂದು ಕಾರ್ಡು ಹಾಕು. ಏನೂ ಬರೆಯಬೇಡ, ಎರಡು ಚುಕ್ಕೆ ಇಡು ಸಾಕು. ಕೇಳಿಸಿತು ಎಂದುಕೊಳ್ಳುತ್ತೇವೆ. ಅತ್ತಿಗೆಗೆ ಬೇರೆ ಕಾರ್ಡು ಹಾಕು, ಅದರಲ್ಲಿ ಅವರ ಹೆಸರಿರಲಿ.

ದೊಡ್ಡವನಿಗೆ ಚಿಕ್ಕವನು ಆಶೀರ್ವಾದ ಮಾಡುವ ಹಾಗಿಲ್ಲ. ಮತ್ತೆ ಹುಟ್ಟಿದವನ ವಯಸ್ಸನ್ನು ಯಾವಾಗಿನಿಂದ ಎಣಿಸಬೇಕು ಎಂದು ಆಚಾರ್ಯರನ್ನು ಕೇಳಿದೆ. ನೀರಿನಿಂದ ಎತ್ತಿದ ಘಳಿಗೆಯಿಂದ, ಎಂದರು. ಹಾಗಾದರೆ ನೀನು ನನಗಿಂತ ಮೂವತ್ತಾರು ವರ್ಷ ಚಿಕ್ಕವನಾಗುತ್ತೀಯ. ಸಂಜೆ ಗೇಟಿನ ಚಿಲಕದ ಸದ್ದಿಗೆ ಕಿವಿಗೊಟ್ಟು, ರಾಮು ಬಂದನೇ ಎಂದು ಕಾಯುವ ಸರದಿ ನಿನ್ನದು. ಆ ದಿನದ ಆಶೀರ್ವಾದವನ್ನು ಇವತ್ತೇ ಬರೆದು ಕಳಿಸುತ್ತಿದ್ದೇನೆ. ನೂರು ವರ್ಷ ಬಾಳು. ಬಾ, ಬಂದು ಹುಟ್ಟು.

ಸದ್ಯಕ್ಕೆ ನಿನ್ನ ತಮ್ಮ,
ರಾಮಾನುಜ